ಸಿರಿಂಜ್ ಬಿಟ್ಟು ಮುಳ್ಳುಸೌತೆ ಹಿಡಿಯುವ ತನಕ: ಕೈಯಲ್ಲಿ ಬೆಳೆದ ಅಳಿಲು ಮರಿಗೆ ಗಟ್ಟಿ ಆಹಾರ ರೂಢಿ ಮಾಡಿಸುವುದು ಹೇಗೆ?

"ಅಕ್ಕಾ, ಚಣಿಲಿನ ಗೂಡು ಬಿತ್ತು. ಒಳಗೆ ಮರಿ ಉಂಟು."

ತೆಂಗಿನಕಾಯಿ ಕೊಯ್ಯುವ ದಿನ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಯಾವ ಮನೆಯ ಅಂಗಳದಲ್ಲೂ ಈ ಮಾತು ಕೇಳಬಹುದು. ಚಣಿಲು ಅಂದರೆ ಅಳಿಲು. ಒಣಗಿದ ಮಡಲು ಎಳೆಯುವಾಗ ಅದರ ಬುಡದಲ್ಲಿದ್ದ ನಾರಿನ ಉಂಡೆಯೂ ಕೆಳಗೆ ಬರುತ್ತದೆ. ಅದರೊಳಗೆ ಹೆಬ್ಬೆರಳಿನಷ್ಟು ದೊಡ್ಡ ಜೀವಗಳು. ಕಣ್ಣು ಬಿಡದ ಮರಿಯನ್ನು ಹೇಗೆ ಬದುಕಿಸುವುದು ಎಂದು ಹೇಳುವವರು ಈಗ ಸುಮಾರು ಜನ ಇದ್ದಾರೆ. ಬೆಚ್ಚಗೆ ಇಡಿ, ಸಿರಿಂಜಿನಲ್ಲಿ ಹಾಲು ಕೊಡಿ ಎನ್ನುತ್ತಾರೆ. ಅದು ಸರಿ. ಆದರೆ ಕಣ್ಣು ಬಿಟ್ಟು, ಬಾಲ ದಪ್ಪ ಆಗಿ, ಹೆಗಲಿಗೆ ಹತ್ತಿ ಓಡಾಡಲು ಶುರು ಮಾಡಿದ ಮೇಲೆ ಏನು ಕೊಡಬೇಕು ಎಂದು ಸರಿಯಾಗಿ ಹೇಳುವವರು ಕಡಿಮೆ. ನಾನು ಮರಿ ಕಳೆದುಕೊಂಡದ್ದು ಆ ಹಂತದಲ್ಲೇ.

ನನ್ನ ಮೊದಲ ಮರಿ ಹಾಲು ಚೆನ್ನಾಗಿ ಕುಡಿದು ಬೆಳೆದಿತ್ತು. ಹಲ್ಲು ಬಂತು ಅಂತ ಖುಷಿಯಾಗಿ ನೆಲಗಡಲೆ, ತೆಂಗಿನಕಾಯಿ ಚೂರು, ಬಾಳೆಹಣ್ಣು ಕೊಟ್ಟೆ. ಆಸೆಯಿಂದ ತಿಂದಿತು. ಹಾಲನ್ನು ಒಂದೇ ವಾರದಲ್ಲಿ ನಿಲ್ಲಿಸಿಬಿಟ್ಟೆ. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅದು ಕಿಟಕಿಯ ಪರದೆ ಹತ್ತಲು ಹೋಗಿ ಜಾರಿತು. ಮರುದಿನ ಹಿಂಗಾಲು ಎಳೆಯುತ್ತಿತ್ತು. ಬಿದ್ದು ಪೆಟ್ಟಾಗಿರಬೇಕು ಅಂದುಕೊಂಡೆ. ಪೆಟ್ಟಲ್ಲ, ಎಲುಬಿನಲ್ಲಿ ಕ್ಯಾಲ್ಸಿಯಂ ಇರಲಿಲ್ಲ. ನನಗೆ ಅದು ಗೊತ್ತಾಗುವಾಗ ತಡವಾಗಿತ್ತು. ಆ ಮೇಲೆ ಬಂದ ಮರಿಗಳಿಗೆ ಹಾಗಾಗದಂತೆ ನೋಡಿಕೊಂಡೆ. ಕಲಿತದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಎರಡು ಮಾತು

ಬಿದ್ದ ಮರಿಯನ್ನು ಕೂಡಲೇ ಒಳಗೆ ತರಬೇಡಿ. ಗಾಯ ಇಲ್ಲದಿದ್ದರೆ, ಮೈ ಬೆಚ್ಚಗಿದ್ದರೆ, ಸಣ್ಣ ಬುಟ್ಟಿಯಲ್ಲಿ ಅದೇ ಗೂಡಿನ ನಾರು ಹಾಕಿ ಮರಿಯನ್ನು ಇಟ್ಟು ಅದೇ ಮರಕ್ಕೆ ಕಟ್ಟಿ. ಬೆಕ್ಕಿಗೆ ಎಟುಕಬಾರದು, ಮಳೆ ಬೀಳಬಾರದು. ದೂರ ನಿಂತು ಕಾಯಿರಿ. ತಾಯಿ ಕತ್ತಲೆಯಾಗುವ ಮೊದಲು ಬಂದು ಕಚ್ಚಿಕೊಂಡು ಹೋಗುವುದುಂಟು. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು. ಕತ್ತಲಾದರೂ ಬಾರದಿದ್ದರೆ ಮಾತ್ರ ಒಳಗೆ ತನ್ನಿ.

ಇನ್ನೊಂದು, ಅಳಿಲು ಸಾಕುಪ್ರಾಣಿಯಲ್ಲ. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಫೋನ್ ಮಾಡಿ ಮರಿ ಸಿಕ್ಕಿದೆ ಎಂದು ತಿಳಿಸಿ. ಅವರು ಹೇಳಿದಂತೆ ಮಾಡಿ. ಪಂಚಾಯತಿನ ಮೃಗಾಸ್ಪತ್ರೆಯ ಡಾಕ್ಟರಿಗೂ ಒಮ್ಮೆ ತೋರಿಸಿ. ಬೆಕ್ಕು ಕಚ್ಚಿದ ಮರಿಯಾದರೆ ಅದೇ ದಿನ ತೋರಿಸಬೇಕು. ಗಾಯ ಸೂಜಿ ಮೊನೆಯಷ್ಟೇ ಇದ್ದರೂ ಬೆಕ್ಕಿನ ಹಲ್ಲಿನ ನಂಜು ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಇಲ್ಲಿ ಬರೆದದ್ದೆಲ್ಲ ನಮ್ಮ ತೋಟದಲ್ಲಿ ಓಡಾಡುವ ಬೆನ್ನ ಮೇಲೆ ಗೆರೆಯಿರುವ ಸಣ್ಣ ಅಳಿಲಿಗೆ. ಕಾಡಿನಂಚಿನಲ್ಲಿ ಕಾಣುವ ದೊಡ್ಡ ಕೆಂಚಳಿಲಿನ ಮರಿ ಸಿಕ್ಕಿದರೆ ನೀವೇ ಸಾಕಲು ಹೋಗಬೇಡಿ, ನೇರವಾಗಿ ಅರಣ್ಯ ಇಲಾಖೆಗೆ ಒಪ್ಪಿಸಿ.

ಮರಿ ತಯಾರಾಗಿದೆಯಾ?

ಕ್ಯಾಲೆಂಡರ್ ನೋಡಿ ಗಟ್ಟಿ ಆಹಾರ ಶುರು ಮಾಡಬೇಡಿ. ಮರಿ ಹುಟ್ಟಿದ ದಿನ ನಿಮಗೆ ಹೇಗೂ ಗೊತ್ತಿಲ್ಲ, ಅಲ್ವಾ? ಮರಿಯನ್ನು ನೋಡಿ. ಕಣ್ಣು ಬಿಡುವುದು ಸುಮಾರು ನಾಲ್ಕನೇ ವಾರದ ಹೊತ್ತಿಗೆ. ಪೂರ್ತಿಯಾಗಿ ಹಾಲು ಬಿಡುವುದು ಎಂಟರಿಂದ ಹತ್ತು ವಾರದ ಹೊತ್ತಿಗೆ. ಅಂದರೆ ಮಧ್ಯದಲ್ಲಿ ಸುಮಾರು ನಾಲ್ಕರಿಂದ ಆರು ವಾರ ಹಾಲು ಮತ್ತು ಗಟ್ಟಿ ಆಹಾರ ಎರಡೂ ಒಟ್ಟಿಗೆ ಸಾಗಬೇಕು.

ನಾನು ನೋಡುವ ಗುರುತುಗಳು ಇವು. ಎರಡೂ ಕಣ್ಣು ಪೂರ್ತಿ ತೆರೆದು ಮೂರು ನಾಲ್ಕು ದಿನ ಆಗಿರಬೇಕು. ಹೊಟ್ಟೆಯ ಕೆಳಗೂ ರೋಮ ಬಂದಿರಬೇಕು. ಕೆಳಗಿನ ಬಾಚಿಹಲ್ಲು ಮೊದಲೇ ಬಂದಿರುತ್ತದೆ, ಈಗ ಮೇಲಿನದೂ ಕಾಣಬೇಕು. ಒದ್ದೆ ಹತ್ತಿಯಿಂದ ಒರೆಸದಿದ್ದರೂ ತಾನೇ ಮೂತ್ರ ಮಾಡುತ್ತಿರಬೇಕು. ಹಿಂಗಾಲಿನ ಮೇಲೆ ಕೂತು ಮುಖ ತೊಳೆದುಕೊಳ್ಳುತ್ತಿರಬೇಕು.

ಎಲ್ಲಕ್ಕಿಂತ ಸ್ಪಷ್ಟ ಗುರುತು ಸಿರಿಂಜಿನಲ್ಲಿ ಸಿಗುತ್ತದೆ. ಅಲ್ಲಿಯ ತನಕ ಸುಮ್ನೆ ಬಾಯಿ ಕೊಟ್ಟು ಚೀಪುತ್ತಿದ್ದ ಮರಿ ಒಂದು ದಿನ ಎರಡೂ ಕೈಯಲ್ಲಿ ಸಿರಿಂಜಿನ ತುದಿಯನ್ನು ಹಿಡಿದು, ಕುಡಿಯುತ್ತ ಕುಡಿಯುತ್ತ ನಿಲ್ಲಿಸಿ, ತಲೆ ಓರೆ ಮಾಡಿ ಅದನ್ನು ಕಡಿಯುತ್ತದೆ. ಕಿರಕಿರ ಎಂದು ಸಣ್ಣ ಸದ್ದು ಬರುತ್ತದೆ. ಅದರ ಬಾಯಿ ಇನ್ನೇನನ್ನೋ ಕೇಳುತ್ತಿದೆ ಎಂದು ಅರ್ಥ. ಆ ದಿನದಿಂದ ಸಿರಿಂಜಿನ ತುದಿಯನ್ನು ಪ್ರತಿ ಸಲ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಚೂರು ಅಥವಾ ನಿಪ್ಪಲಿನ ರಬ್ಬರ್ ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳಬಹುದು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ತುಂಬ ಏನೂ ಬೇಡ. ಒಂದೊಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮಾತ್ರ ಖಂಡಿತ ಬೇಕು. ಅದಿಲ್ಲದೆ ಹಾಲು ಬಿಡಿಸಲು ಹೋಗಬೇಡಿ. ಬೆಳೆದ ಅಳಿಲೇ 100 ಗ್ರಾಂ ಆಸುಪಾಸು ಇರುತ್ತದೆ, ಮರಿ 2 ಗ್ರಾಂ ಇಳಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ನೋಟ್‌ಬುಕ್, 1 ಮಿಲಿ ಸಿರಿಂಜುಗಳು, ಬಾಟಲಿಯ ಮುಚ್ಚಳದಂಥ ಮೂರು ನಾಲ್ಕು ಚಪ್ಪಟೆ ಪಾತ್ರೆ, ನಾಯಿಮರಿಗೆ ಕೊಡುವ ಹಾಲಿನ ಪುಡಿ, ಕ್ಯಾಲ್ಸಿಯಂ. ಮಲಗಲು ಹಳೆಯ ಬನಿಯನ್ ಬಟ್ಟೆ ಸಾಕು. ಬೈರಾಸು, ಅಂದರೆ ಟವೆಲ್, ಹಾಕಬೇಡಿ, ಅದರ ಎಳೆ ಉಗುರಿಗೆ ಸಿಕ್ಕಿ ಕಾಲು ತಿರುಚಿಕೊಳ್ಳುತ್ತದೆ.

ರಟ್ಟಿನ ಪೆಟ್ಟಿಗೆ ಇನ್ನು ಸಾಕಾಗುವುದಿಲ್ಲ. ಸಣ್ಣ ಕಣ್ಣಿನ ಬಲೆಯಿರುವ ಎತ್ತರದ ಗೂಡು ಬೇಕು. ಒಳಗೆ ಪೇರಳೆ ಗೆಲ್ಲು ಎರಡು, ಮೇಲ್ಗಡೆ ಮಲಗಲು ಗೆರಟೆ ಅಥವಾ ಬಟ್ಟೆಯ ಚೀಲ, ಕೆಳಗೆ ಅಡಿಕೆ ಹಾಳೆಯ ತುಂಡು. ಊಟವನ್ನು ಹಾಳೆಯ ಮೇಲೆ ಇಟ್ಟರೆ ಎಷ್ಟು ತಿಂದಿದೆ, ಎಷ್ಟು ಬಿಟ್ಟಿದೆ ಎಂದು ಸರಿಯಾಗಿ ಕಾಣುತ್ತದೆ.

ಹೆಜ್ಜೆ 1: ಹಾಲಿನ ಲೆಕ್ಕ ಸರಿ ಮಾಡಿ

ಹಟ್ಟಿಯಲ್ಲಿ ದನ ಇದೆ, ಹಾಲು ಬೇಕಾದಷ್ಟು ಇದೆ ಅಂತ ದನದ ಹಾಲು ಕೊಡಬೇಡಿ. ಅಳಿಲಿನ ತಾಯಿಹಾಲಿನಲ್ಲಿ ಕೊಬ್ಬು ಜಾಸ್ತಿ, ಹಾಲಿನ ಸಕ್ಕರೆ ಕಡಿಮೆ. ದನದ ಹಾಲಿನಲ್ಲಿ ಅದು ಉಲ್ಟಾ. ಹೊಟ್ಟೆ ಉಬ್ಬರಿಸಿ ಭೇದಿ ಶುರುವಾಗುತ್ತದೆ. ನೀರು ಹಾಕಿ ತೆಳ್ಳಗೆ ಮಾಡಿದರೂ ಇದು ಸರಿಹೋಗುವುದಿಲ್ಲ, ಇದ್ದ ಕೊಬ್ಬೂ ಕಡಿಮೆಯಾಗುತ್ತದೆ ಅಷ್ಟೇ. ನಾಯಿಮರಿಯ ಹಾಲಿನ ಪುಡಿಯನ್ನು ಡಬ್ಬಿಯ ಮೇಲೆ ಬರೆದ ಅಳತೆಗೆ ಕಲಸಿ, ಉಗುರುಬೆಚ್ಚಗೆ ಮಾಡಿ ಕೊಡಿ. ಉಳಿದದ್ದನ್ನು ಮತ್ತೆ ಬಿಸಿ ಮಾಡಿ ಕೊಡಬೇಡಿ.

ಒಂದು ಸಲಕ್ಕೆ ಮೈತೂಕದ ನೂರರಲ್ಲಿ ಐದು ಪಾಲು. 40 ಗ್ರಾಂ ಮರಿಗೆ 2 ಮಿಲಿ, 60 ಗ್ರಾಂ ಆದರೆ 3 ಮಿಲಿ. ಕಣ್ಣು ಬಿಟ್ಟ ಹೊಸತರಲ್ಲಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ಹೀಗೆ ಐದು ಸಲ. ಮರಿಯನ್ನು ಅಂಗಾತ ಮಲಗಿಸಿ ಹಾಲು ಹಾಕಬೇಡಿ. ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ ಇರಬೇಕು. ಮೂಗಿನಲ್ಲಿ ಹಾಲಿನ ಗುಳ್ಳೆ ಬಂದರೆ ಕೂಡಲೇ ನಿಲ್ಲಿಸಿ ತಲೆ ಕೆಳಗೆ ಬಗ್ಗಿಸಿ ಒರೆಸಿ. ದೊಡ್ಡದಾದ ಮರಿ ಆತುರದಲ್ಲಿ ಎಳೆದು ಕುಡಿಯುವುದರಿಂದ ಈ ಹಂತದಲ್ಲಿ ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯ ಜಾಸ್ತಿ. ಆಮೇಲೆ ಉಸಿರಾಡುವಾಗ ಟಿಕ್ ಟಿಕ್ ಸದ್ದು ಬಂದರೆ ಡಾಕ್ಟರಲ್ಲಿಗೆ ಓಡಿ.

ಪ್ರತಿದಿನ ಬೆಳಿಗ್ಗೆ ಮೊದಲ ಹಾಲಿಗೆ ಮುಂಚೆ ತೂಕ ನೋಡಿ ಬರೆದಿಡಿ. ಒಂದು ಲೋಟದಲ್ಲಿ ಬಟ್ಟೆ ಹಾಕಿ, ತಕ್ಕಡಿಯನ್ನು ಸೊನ್ನೆ ಮಾಡಿ, ಮರಿಯನ್ನು ಒಳಗೆ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ.

ಹೆಜ್ಜೆ 2: ಮೊದಲ ರುಚಿ

ಮೊದಲ ಗಟ್ಟಿ ಆಹಾರ ನಿಜವಾಗಿ ಗಟ್ಟಿಯಲ್ಲ. ಅಂಗಡಿಯಲ್ಲಿ ಹ್ಯಾಮ್‌ಸ್ಟರ್, ಇಲಿಗೆ ಕೊಡುವ ಗುಳಿಗೆಯಂಥ ಆಹಾರ ಸಿಗುತ್ತದೆ, ಪೆಲೆಟ್ ಎನ್ನುತ್ತಾರೆ. ಕಾಸರಗೋಡು ಪೇಟೆಯಲ್ಲಿ, ಮಂಗಳೂರಿನಲ್ಲಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ವಿಚಾರಿಸಿ. ಬೀಜ, ಕಾಳು, ಬಣ್ಣದ ಚೂರು ಎಲ್ಲ ಮಿಕ್ಸ್ ಮಾಡಿದ ಪೊಟ್ಟಣ ತರಬೇಡಿ. ಎಲ್ಲ ಗುಳಿಗೆಯೂ ಒಂದೇ ತರ ಇರುವ ಪೆಲೆಟ್ ಬೇಕು. ಮಿಕ್ಸ್ ಕೊಟ್ಟರೆ ಮರಿ ಸೂರ್ಯಕಾಂತಿ ಬೀಜ ಮಾತ್ರ ಹೆಕ್ಕಿ ತಿಂದು ಉಳಿದದ್ದನ್ನು ಕೆಳಗೆ ಎಸೆಯುತ್ತದೆ.

ಒಂದು ಗುಳಿಗೆಯನ್ನು ಅದರದೇ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ ಕಿವುಚಿ, ರಾಗಿಮಣ್ಣಿಯ ಹದಕ್ಕೆ ತನ್ನಿ. ಹಾಲಿಗೆ ಸ್ವಲ್ಪ ಮುಂಚೆ, ಹಸಿವಿರುವಾಗ, ಬೆರಳ ತುದಿಯಲ್ಲಿ ಒಂದು ಚೂರು ತುಟಿಗೆ ಮುಟ್ಟಿಸಿ. ತಲೆ ಕೊಡವಿ ಉಗಿದರೆ ಬೇಸರ ಬೇಡ. ಹಾಲಿನ ವಾಸನೆ ಗೊತ್ತಿರುವುದರಿಂದ ಎರಡನೇ ದಿನವೋ ಮೂರನೇ ದಿನವೋ ನೆಕ್ಕುತ್ತದೆ. ಆಮೇಲೆ ಮುಚ್ಚಳದಲ್ಲಿ ಇಡಿ. ಕಾಲು, ಮುಖ, ಬಾಲ ಎಲ್ಲ ಮೆತ್ತಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಒಣಗಿ ಅಂಟಿದರೆ ರೋಮ ಉದುರುತ್ತದೆ.

ಮೂರು ನಾಲ್ಕು ದಿನ ಇದೊಂದೇ ಸಾಕು. ಕಲಸಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಗೂಡಿನಲ್ಲಿ ಬಿಡಬೇಡಿ. ನಮ್ಮ ಸೆಕೆಗೆ ಬೇಗ ಹುಳಿಯಾಗುತ್ತದೆ, ಇರುವೆಯೂ ಸಾಲುಗಟ್ಟಿ ಬರುತ್ತದೆ. ಗೂಡಿನ ಕಾಲುಗಳನ್ನು ನೀರು ತುಂಬಿದ ಗೆರಟೆಯಲ್ಲಿ ಇಟ್ಟರೆ ಇರುವೆ ಹತ್ತುವುದಿಲ್ಲ.

ಹೆಜ್ಜೆ 3: ತರಕಾರಿ, ಒಂದೊಂದಾಗಿ

ಪೆಲೆಟ್ ನೆಕ್ಕಲು ಕಲಿತ ಮೇಲೆ ತರಕಾರಿ. ಹಣ್ಣು ಮೊದಲು ಕೊಡಬೇಡಿ. ಬಾಳೆಹಣ್ಣಿನ ಸಿಹಿ ನಾಲಿಗೆಗೆ ಹತ್ತಿದರೆ ಮರಿ ತೊಂಡೆಕಾಯಿಯನ್ನು ಮೂಸಿ ಸಹ ನೋಡುವುದಿಲ್ಲ.

ನಾನು ಶುರು ಮಾಡುವುದು ಎಳೆ ಮುಳ್ಳುಸೌತೆಯಿಂದ. ಸಿಪ್ಪೆ ತೆಗೆದು, ಕಡ್ಡಿಯಷ್ಟು ಸಪೂರ, ಕಿರುಬೆರಳ ಅರ್ಧದಷ್ಟು ಉದ್ದ ಕೊಯ್ಯಿರಿ. ಮರಿ ಕೈಯಲ್ಲಿ ಹಿಡಿಯುವಂತಿರಬೇಕು. ನಮ್ಮ ಎರಡನೇ ಮರಿ ಮೊದಲ ಸಲ ಅದನ್ನು ಹಿಡಿದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡೂ ಕೈಯಿಂದ ಕೊಳಲಿನ ಹಾಗೆ ಅಡ್ಡ ಹಿಡಿದುಕೊಂಡಿತು. ಒಂದು ತುದಿ ಕಡಿಯಿತು. ತಣ್ಣಗಿನ ನೀರು ಗಲ್ಲಕ್ಕೆ ಇಳಿದಾಗ ಬೆಚ್ಚಿ ಬಿಟ್ಟುಬಿಟ್ಟಿತು. ಕೆಳಗೆ ಬಿದ್ದ ತುಂಡನ್ನು ಸುತ್ತು ಹಾಕಿ ನೋಡಿ ಮತ್ತೆ ಎತ್ತಿಕೊಂಡಿತು. ಕಾಲು ಗಂಟೆಯಲ್ಲಿ ತಿಂದದ್ದು ಒಂದು ಅಕ್ಕಿಕಾಳಿನಷ್ಟು. ಮೊದಲ ದಿನಕ್ಕೆ ಅದು ಸಾಕು.

ಹೊಸ ತರಕಾರಿ ಕೊಟ್ಟರೆ ಎರಡು ದಿನ ಅದೊಂದನ್ನೇ ಕೊಡಿ, ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ಗೊತ್ತಾಗಬೇಕಲ್ಲ. ಮುಳ್ಳುಸೌತೆಯ ನಂತರ ಬೇಯಿಸಿದ ಗೆಣಸು, ಆಮೇಲೆ ತೊಂಡೆ, ಎಳೆ ಅಲಸಂಡೆ, ಕ್ಯಾರೆಟ್, ಸಿಹಿಗುಂಬಳ. ನುಗ್ಗೆಸೊಪ್ಪಿನ ಎಳೆ ಚಿಗುರು ದಿನಕ್ಕೆ ಎರಡು ಮೂರು ಎಲೆ. ಅಂಗಳದ ದಾಸವಾಳದ ಹೂವನ್ನು ಹೆಚ್ಚಿನ ಮರಿಗಳು ಇಷ್ಟಪಟ್ಟು ತಿನ್ನುತ್ತವೆ. ಬಸಳೆ, ಹರಿವೆ, ಪಾಲಕ್ ಒಳ್ಳೆಯ ಸೊಪ್ಪೇ, ಆದರೆ ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮರಿ ಬೆಳೆಯುವ ತನಕ ಅವು ಬೇಡ.

ತೋಟದಿಂದ ಸೊಪ್ಪು, ಹಣ್ಣು ತರುವಾಗ ಒಂದು ಎಚ್ಚರ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಟ್ಟ ತೋಟದಲ್ಲಿ ಬೋರ್ಡೋ ದ್ರಾವಣ ಕೆಳಗಿನ ಕೊಕ್ಕೋ, ಬಾಳೆ, ಪೇರಳೆ ಎಲ್ಲದರ ಮೇಲೂ ಬಿದ್ದಿರುತ್ತದೆ. ಅದರಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. 50 ಗ್ರಾಂ ಜೀವಕ್ಕೆ ಎಲೆಯ ಮೇಲಿನ ನೀಲಿ ಕಲೆಯೇ ಜಾಸ್ತಿಯಾದೀತು. ಎಂಡೋಸಲ್ಫಾನ್ ಎಂಬ ಕೀಟನಾಶಕ ಏನು ಮಾಡಿತು ಎಂದು ಕಂಡ ಜಿಲ್ಲೆ ನಮ್ಮದು, ಮದ್ದಿನ ಬಗ್ಗೆ ಇಷ್ಟು ಹೇಳಿದರೆ ಸಾಕು. ಮದ್ದು ಬಿಡದ ಕಡೆಯದನ್ನೇ ತನ್ನಿ, ಆದರೂ ತೊಳೆದು ಒರೆಸಿ ಕೊಡಿ.

ತರಕಾರಿ ಚೆನ್ನಾಗಿ ತಿನ್ನಲು ಕಲಿತು ಒಂದು ವಾರವಾದ ಮೇಲೆ ಹಣ್ಣು. ಪೇರಳೆ, ಪಪ್ಪಾಯಿ, ಸೇಬಿನ ತಿರುಳು. ದಿನಕ್ಕೆ ಒಂದು ಉಗುರಿನಷ್ಟು. ಕದಳಿ ಬಾಳೆಹಣ್ಣು ವಾರಕ್ಕೆ ಒಂದೆರಡು ಸಲ, ಅದೂ ಚೂರು.

ಎಲುಬಿನ ವಿಷಯ, ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಅಳಿಲು ಅಂದ ಕೂಡಲೇ ನಮಗೆ ನೆನಪಾಗುವುದು ನೆಲಗಡಲೆ. ಕೂತು ಬಿಡಿಸಿ ತಿನ್ನುವುದನ್ನು ನೋಡಲು ಚೆಂದ. ಆದರೆ ಬೆಳೆಯುವ ಮರಿಗೆ ಅದೇ ಮುಖ್ಯ ಊಟವಾದರೆ ಎಲುಬು ಹೋಗುತ್ತದೆ.

ಕಾರಣ ಹೀಗೆ. ಎಲುಬಿಗೆ ಕ್ಯಾಲ್ಸಿಯಂ ಬೇಕು, ರಂಜಕವೂ ಬೇಕು. ಗೊಬ್ಬರದ ಚೀಲದ ಮೇಲೆ ಬರೆಯುತ್ತಾರಲ್ಲ, ಅದೇ ರಂಜಕ. ಊಟದಲ್ಲಿ ಕ್ಯಾಲ್ಸಿಯಂ ರಂಜಕದ ಎರಡು ಪಟ್ಟು ಇದ್ದರೆ ಒಳ್ಳೆಯದು, ಕಡಿಮೆಯೆಂದರೂ ಸಮಸಮ ಇರಬೇಕು. ನೆಲಗಡಲೆಯಲ್ಲಿ ರಂಜಕ ಕ್ಯಾಲ್ಸಿಯಂನ ಸುಮಾರು ನಾಲ್ಕು ಪಟ್ಟು. ಬಾಳೆಹಣ್ಣಿನಲ್ಲೂ ಹಾಗೇ. ತೆಂಗಿನಕಾಯಿಯಲ್ಲಿ ಎಂಟು ಪಟ್ಟು, ಸೂರ್ಯಕಾಂತಿ ಬೀಜದಲ್ಲೂ ಅಷ್ಟೇ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಮೈ ಅದನ್ನು ತನ್ನದೇ ಎಲುಬಿನಿಂದ ಎಳೆದುಕೊಳ್ಳುತ್ತದೆ. ಹೊರಗಿನಿಂದ ಮರಿ ದುಂಡಗೆ, ಚುರುಕಾಗಿ ಕಾಣುತ್ತಿರುತ್ತದೆ. ಒಳಗೆ ಎಲುಬು ಮೆತ್ತಗಾಗುತ್ತಿರುತ್ತದೆ. ನನ್ನ ಮೊದಲ ಮರಿಗೆ ನಾನು ಕೊಟ್ಟ ಮೂರು ತಿನಿಸು ಯಾವುದು ಎಂದು ಮೇಲೆ ಬರೆದಿದ್ದೆ, ಇನ್ನೊಮ್ಮೆ ಓದಿ.

ಹಾಲಿನಲ್ಲಿ ಕ್ಯಾಲ್ಸಿಯಂ ಸರಿಯಾದ ಅಳತೆಯಲ್ಲಿ ಇರುತ್ತದೆ. ಅದನ್ನು ಬೇಗ ನಿಲ್ಲಿಸಿ ಕಾಳು ಬೀಜ ಕೊಟ್ಟರೆ ಎರಡೂ ಕಡೆಯಿಂದ ಪೆಟ್ಟು. ಅದಕ್ಕೇ ಹಾಲು ನಿಧಾನ ಬಿಡಿಸಿ ಎಂದು ಇಷ್ಟು ಒತ್ತಿ ಹೇಳುವುದು.

ಕ್ಯಾಲ್ಸಿಯಂಗೆ ದೊಡ್ಡ ಖರ್ಚಿಲ್ಲ. ಮೊಟ್ಟೆಯ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಳಗಿನ ಪೊರೆ ತೆಗೆದು, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಬೆರಳಿಗೆ ಹರಳು ಸಿಗಬಾರದು. ದಿನಕ್ಕೆ ಒಂದು ಸಣ್ಣ ಚಿಟಿಕೆ ತರಕಾರಿಯ ಮೇಲೆ ಉದುರಿಸಿ. ಗೂಡಿನೊಳಗೆ ಕಟಲ್‌ಬೋನ್ ಕಟ್ಟಿ, ಹಕ್ಕಿ ಸಾಕುವವರ ಅಂಗಡಿಯಲ್ಲಿ ಸಿಗುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರ ಕಡಲ ಕರೆಯವರಿಗೆ ಇದು ಹೊಸತಲ್ಲ. ಹೊಯಿಗೆಯ ಮೇಲೆ ಬಿದ್ದಿರುವ ಹಗುರವಾದ, ಬಿಳಿ, ದೋಣಿಯಂಥ ಚಿಪ್ಪು. ಅಲ್ಲಿಂದ ಹೆಕ್ಕಿದ್ದಾದರೆ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ ಉಪ್ಪು ತೆಗೆದು, ಬಿಸಿಲಲ್ಲಿ ಒಣಗಿಸಿ ಇಡಿ. ಹಲ್ಲಿಗೂ ಒಳ್ಳೆಯದು.

ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. ಬೆಳಿಗ್ಗೆಯ ಬಿಸಿಲಿನಲ್ಲಿ ಗೂಡನ್ನು 20 ನಿಮಿಷ ಹೊರಗಿಡಿ. ಅರ್ಧ ಭಾಗ ನೆರಳಿರಲಿ, ಯಾರಾದರೂ ಹತ್ತಿರ ಇರಲಿ. ಕಿಟಕಿ ಗಾಜಿನ ಒಳಗೆ ಬೀಳುವ ಬಿಸಿಲಿನಿಂದ ಪ್ರಯೋಜನ ಇಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲದಾಗ ಡಾಕ್ಟರನ್ನು ಕೇಳಿ ವಿಟಮಿನ್ ಡಿ ಹನಿ ಕೊಡಬೇಕಾಗಬಹುದು. ಅದನ್ನು ನೀವೇ ಅಂದಾಜಿನಲ್ಲಿ ಹಾಕಬೇಡಿ, ಜಾಸ್ತಿಯಾದರೆ ಅದೂ ವಿಷವೇ.

ಜಿಗಿಯಲು ಹಿಂದೇಟು, ಹಿಂಗಾಲಿನ ನಡುಕ, ಮುಟ್ಟಿದರೆ ನೋವಿನಿಂದ ಕಿರುಚುವುದು, ಮೊದಲು ತಿನ್ನುತ್ತಿದ್ದ ಗಟ್ಟಿ ತುಂಡನ್ನು ಬಿಡುವುದು, ಇವು ಎಲುಬಿನ ರೋಗದ ಮೊದಲ ಗುರುತು. ಆ ದಿನವೇ ಡಾಕ್ಟರಿಗೆ ತೋರಿಸಿದರೆ ಉಳಿಸಿಕೊಳ್ಳಬಹುದು. ಬಿದ್ದಿರಬೇಕು ಅಂತ ನನ್ನ ಹಾಗೆ ಕಾಯಬೇಡಿ.

ಹೆಜ್ಜೆ 4: ಹಾಲು ಕಡಿಮೆ ಮಾಡುವುದು

ಒಂದು ಸಲಕ್ಕೆ ಕೊಡುವ ಹಾಲಿನ ಅಳತೆ ಕಡಿಮೆ ಮಾಡಬೇಡಿ, ಎಷ್ಟು ಸಲ ಕೊಡುತ್ತೀರಿ ಎನ್ನುವುದನ್ನು ಕಡಿಮೆ ಮಾಡಿ. ಅರ್ಧ ಹೊಟ್ಟೆ ಹಾಲು ಕುಡಿದ ಮರಿ ಗಟ್ಟಿ ಆಹಾರ ಹುಡುಕುವುದಿಲ್ಲ, ಇನ್ನಷ್ಟು ಹಾಲಿಗೆ ನಿಮ್ಮ ಕೈ ಹತ್ತುತ್ತದೆ. ಎರಡು ಹಾಲಿನ ನಡುವೆ ಸಮಯ ಜಾಸ್ತಿ ಸಿಕ್ಕಿದರೆ ತಾನೇ ತಿನಿಸಿನ ಹತ್ತಿರ ಹೋಗುತ್ತದೆ.

ಮೊದಲು ತೆಗೆಯಬೇಕಾದದ್ದು ಮಧ್ಯಾಹ್ನದ ಹಾಲು. ಉಳಿದ ನಾಲ್ಕನ್ನು 6, 11, 4, 9 ಗಂಟೆಗೆ ಹೊಂದಿಸಿ. ಐದಾರು ದಿನ ಹಾಗೆ. ಪೆಲೆಟ್, ತರಕಾರಿ ದಿನಾ ತಿನ್ನುತ್ತಿದೆ, ತೂಕ ಏರುತ್ತಿದೆ ಎಂದಾದರೆ ಮೂರು ಸಲ ಮಾಡಿ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಮತ್ತೆ ಒಂದು ವಾರ ಬಿಟ್ಟು ಮಧ್ಯಾಹ್ನದ್ದನ್ನು ತೆಗೆಯಿರಿ. ಈ ಹೊತ್ತಿಗೆ ಪೆಲೆಟ್ ನೆನೆಸುವ ಹಾಲನ್ನೂ ಕಡಿಮೆ ಮಾಡುತ್ತ ಬನ್ನಿ. ಮಣ್ಣಿಯ ಹದದಿಂದ ಒದ್ದೆ ಪುಡಿಯ ಹದಕ್ಕೆ, ಆಮೇಲೆ ಬದಿ ಮಾತ್ರ ನೆನೆದ ಗುಳಿಗೆ, ಕೊನೆಗೆ ಒಣ ಗುಳಿಗೆ.

ಉಳಿದ ಎರಡರಲ್ಲಿ ಮೊದಲು ಬೆಳಗಿನದ್ದನ್ನು ಬಿಡಿಸಿ. ಅಳಿಲು ಹಗಲಿನ ಜೀವ. ಬೆಳಕು ಹರಿಯುವಾಗ ಹಸಿದು ಎದ್ದು ತಿನ್ನಲು ಹುಡುಕುವುದು ಅದರ ಸಹಜ ಗುಣ. ಆ ಹಸಿವಿಗೆ ಎದುರಿಗೆ ಪೆಲೆಟ್, ತರಕಾರಿ ಇರಲಿ. ಎಂಟು ಒಂಬತ್ತು ಗಂಟೆಗೂ ಏನೂ ಮುಟ್ಟಿಲ್ಲವಾದರೆ ಹಾಲು ಕೊಟ್ಟುಬಿಡಿ, ಮರುದಿನ ಮತ್ತೆ ನೋಡಿ. ಹಸಿವಿನಿಂದ ದಾರಿಗೆ ತರುತ್ತೇನೆ ಎಂದು ಹಠ ಹಿಡಿಯಬೇಡಿ, ಇಷ್ಟು ಸಣ್ಣ ಮೈಯಲ್ಲಿ ಕೂಡಿಟ್ಟ ಶಕ್ತಿ ಇರುವುದಿಲ್ಲ.

ರಾತ್ರಿಯ ಹಾಲು ಕೊನೆಯದು. ಅದನ್ನು ಮರಿಯೇ ಬಿಡಲಿ. ಸಿರಿಂಜ್ ಕಂಡರೆ ಮೊದಲು ಹಾರಿ ಬರುತ್ತಿದ್ದದ್ದು ಒಂದು ದಿನ ಎರಡು ಗುಟುಕು ಕುಡಿದು ಹೋಗುತ್ತದೆ, ಇನ್ನೊಂದು ದಿನ ಮುಖ ತಿರುಗಿಸುತ್ತದೆ. ಕೆಲವು ಎಂಟನೇ ವಾರಕ್ಕೇ ಬಿಡುತ್ತವೆ, ಕೆಲವು ಹತ್ತು ದಾಟಿದರೂ ಕೇಳುತ್ತವೆ. ಒಂಟಿಯಾಗಿ ಬೆಳೆದ ಮರಿ ಜಾಸ್ತಿ ದಿನ ಕೇಳುವುದನ್ನು ನೋಡಿದ್ದೇನೆ. ಎರಡು ಮರಿಗಳಿದ್ದರೆ ಒಂದು ತಿನ್ನುವುದನ್ನು ನೋಡಿ ಇನ್ನೊಂದು ಕಲಿಯುತ್ತದೆ.

ತೂಕ ಒಂದು ದಿನ ಒಂದು ಗ್ರಾಂ ಇಳಿದರೆ ಗಾಬರಿ ಬೇಡ. ಎರಡು ದಿನ ಸಾಲಾಗಿ ಇಳಿದರೆ, ಅಥವಾ 50 ಗ್ರಾಂ ಮರಿ ಎರಡೂವರೆ ಗ್ರಾಂ ಕಳೆದುಕೊಂಡರೆ, ಕೊನೆಗೆ ತೆಗೆದ ಹಾಲನ್ನು ಮತ್ತೆ ಶುರು ಮಾಡಿ.

ನೀರು, ಹಲ್ಲು

ಮೂರು ಸಲದ ಹಾಲಿಗೆ ಬಂದ ಮೇಲೆ ನೀರು ಇಡಿ. ಆಳವಿಲ್ಲದ ಭಾರದ ಮುಚ್ಚಳ ಸಾಕು. ಹನಿ ಬೀಳುವ ಬಾಟಲಿ ಕಟ್ಟುವುದಾದರೆ ಮರಿ ಅದರಿಂದ ಕುಡಿಯುವುದನ್ನು ಕಣ್ಣಾರೆ ಕಾಣುವ ತನಕ ಮುಚ್ಚಳ ತೆಗೆಯಬೇಡಿ.

ಅಳಿಲಿನ ಬಾಚಿಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ. ಕಡಿಯಲು ಗಟ್ಟಿ ಸಾಮಾನು ಇಲ್ಲದಿದ್ದರೆ ಹಲ್ಲು ಓರೆಯಾಗಿ ಬಾಯಿ ಮುಚ್ಚಲಾಗುವುದಿಲ್ಲ. ಪೇರಳೆಯ ಹಸಿ ಗೆಲ್ಲು, ತಿರುಳು ಕೆರೆದು ತೆಗೆದ ಗೆರಟೆ ಚೂರು ಒಳ್ಳೆಯದು. ಕಣಗಿಲೆಯ ಕಡ್ಡಿ ಮಾತ್ರ ಹತ್ತಿರವೂ ತರಬೇಡಿ, ಇಡೀ ಗಿಡವೇ ವಿಷ. ಹಾಲು ಪೂರ್ತಿ ಬಿಟ್ಟ ಮೇಲೆ ಸಿಪ್ಪೆಯಿರುವ ಹುರಿಯದ ನೆಲಗಡಲೆ ದಿನಕ್ಕೆ ಒಂದು, ಅದೂ ತರಕಾರಿ, ಪೆಲೆಟ್ ತಿಂದ ಮೇಲೆ. ಬೇಯಿಸಿದ ಮೊಟ್ಟೆಯ ಚೂರು ವಾರಕ್ಕೊಮ್ಮೆ. ತೋಟದಲ್ಲಿ ಅವು ಹುಳ, ಗೆದ್ದಲನ್ನೂ ತಿನ್ನುತ್ತವೆ.

ಇವನ್ನು ಕೊಡಬೇಡಿ

ಬಿಸ್ಕತ್ತು, ಚಾಕಲೇಟ್, ಮಿಕ್ಸ್ಚರ್, ಉಪ್ಪು ಹಾಕಿದ ಗೋಡಂಬಿ, ಈರುಳ್ಳಿ, ಮಗುವಿಗೆ ಕೊಡುವ ಸಿಹಿ ಪುಡಿಯ ಊಟ. ಅಡಿಕೆ ಹಸಿಯೂ ಬೇಡ, ಒಣಗಿದ್ದೂ ಬೇಡ. ಕೊಕ್ಕೋ ಕಾಯಿಯನ್ನು ಅಳಿಲು ತೂತು ಮಾಡಿ ತಿನ್ನುವುದು ನಮಗೆಲ್ಲ ಗೊತ್ತು, ಕೃಷಿಕರಿಗೆ ಅದರಿಂದ ನಷ್ಟವೂ ಸಣ್ಣದಲ್ಲ. ಆದರೆ ಅವಕ್ಕೆ ಬೇಕಾದದ್ದು ಬೀಜದ ಸುತ್ತಲಿನ ಸಿಹಿ ಲೋಳೆ. ಮರಿಗೆ ಬೀಜ ಕೊಡಬೇಡಿ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮ ಬೆರಳನ್ನೇ ಸುಡುತ್ತದೆ, ಮರಿಯ ಬಾಯಿಗೆ ತಾಗಿದರೆ ಕಥೆ ಮುಗಿಯಿತು. ಮಳೆಗಾಲದಲ್ಲಿ ಬೂಸಲು ಹಿಡಿದ ಕೊಪ್ಪರ, ನೆಲಗಡಲೆಯನ್ನು ಒರೆಸಿ ಕೊಡುವವರಿದ್ದಾರೆ. ಬೂಸಲು ಒರೆಸಿದರೂ ಅದರ ವಿಷ ಒಳಗೆ ಇರುತ್ತದೆ.

ಹೊಟ್ಟೆ ಕೆಟ್ಟರೆ

ಬರೀ ಹಾಲು ಕುಡಿಯುವಾಗ ಹಿಕ್ಕೆ ಸಾಸಿವೆಯ ಹಳದಿ ಬಣ್ಣ, ಮೆತ್ತಗೆ. ಗಟ್ಟಿ ಆಹಾರ ಹೆಚ್ಚಾದಂತೆ ಕಂದಾಗಿ, ಒಣಗಿದ ಸಣ್ಣ ಕಾಳಿನಂತೆ ಬರುತ್ತದೆ. ಮಧ್ಯದ ದಿನಗಳಲ್ಲಿ ಎರಡೂ ಬೆರಕೆ, ಹೆದರಬೇಡಿ. ನೀರಾಗಿ ಹೋದರೆ, ಬಾಲದ ಬುಡ ಒದ್ದೆಯಾಗಿದ್ದರೆ, ಹೊಸ ತರಕಾರಿ, ಹಣ್ಣು ಎಲ್ಲ ನಿಲ್ಲಿಸಿ. ಒಂದು ಸಲದ ಹಾಲಿನ ಬದಲು ಉಗುರುಬೆಚ್ಚಗಿನ ಓಆರ್‌ಎಸ್ ಕೊಡಿ. ಮುಂದಿನ ಸಲಕ್ಕೆ ಹಾಲು. ಬೆನ್ನಿನ ಚರ್ಮ ಮೆಲ್ಲನೆ ಎಳೆದು ಬಿಟ್ಟಾಗ ಕೂಡಲೇ ಹಿಂದೆ ಹೋಗದೆ ಡೇರೆಯ ಹಾಗೆ ನಿಂತರೆ ಮೈಯಲ್ಲಿ ನೀರಿಲ್ಲ ಎಂದರ್ಥ, ಅರ್ಧ ದಿನವೂ ಕಾಯಬೇಡಿ, ಡಾಕ್ಟರಲ್ಲಿಗೆ ಒಯ್ಯಿರಿ.

ಮರಿ ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯಿರಿ. ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ನಿಮ್ಮ ಡಾಕ್ಟರಿಗೆ ತೋರಿಸಿ.

ಮರಕ್ಕೆ ಹತ್ತಿಸುವ ಮೊದಲು

ಹಾಲು ಬಿಟ್ಟ ಕೂಡಲೇ ಹೊರಗೆ ಬಿಡಬೇಡಿ. ಕೊನೆಯ ಹಾಲಿನ ನಂತರ ಕಡಿಮೆಯೆಂದರೆ ಎರಡು ಮೂರು ವಾರ ಗೂಡಿನಲ್ಲೇ ಇದ್ದು, ಕೊಟ್ಟದ್ದನ್ನೆಲ್ಲ ತಿಂದು ತೂಕ ಇಳಿಯದಂತೆ ಉಳಿಸಿಕೊಂಡಿರಬೇಕು. ಈ ದಿನಗಳಲ್ಲಿ ಮುದ್ದು ಮಾಡುವುದನ್ನು ಕಡಿಮೆ ಮಾಡಿ. ಕಷ್ಟವಾಗುತ್ತದೆ, ನನಗೂ ಆಗಿದೆ. ಆದರೆ ಮನುಷ್ಯರ ಹೆಗಲಿಗೆ ಹಾರುವ ಅಳಿಲು ನಾಳೆ ಯಾರದೋ ಹೆಗಲಿಗೆ ಹಾರಿ ಪೆಟ್ಟು ತಿನ್ನುತ್ತದೆ. ಮನೆಯ ಬೆಕ್ಕಿನ ಎದುರು ಆಡಿಸುವುದಂತೂ ಬೇಡವೇ ಬೇಡ, ಅದಕ್ಕೆ ಬೆಕ್ಕಿನ ಹೆದರಿಕೆ ಉಳಿಯಬೇಕು.

ತರಕಾರಿಯನ್ನು ಪಾತ್ರೆಯಲ್ಲಿ ಇಡುವ ಬದಲು ಗೆಲ್ಲಿಗೆ ಸಿಕ್ಕಿಸಿ, ಹಾಳೆಯ ಅಡಿಯಲ್ಲಿ ಅಡಗಿಸಿ. ಚಿಗುರು, ಹೂವು, ತೊಗಟೆ ಸಹಿತದ ಕಡ್ಡಿ ಜಾಸ್ತಿ ಕೊಡಿ. ಗೂಡನ್ನು ತೋಟದ ಬದಿಗೆ, ಮಳೆ ಬೀಳದ ಮಾಡಿನ ಅಡಿಗೆ ತನ್ನಿ. ಎರಡು ವಾರ ಅಲ್ಲೇ ಇದ್ದು ಬೇರೆ ಅಳಿಲುಗಳ ಕೂಗು ಕೇಳಲಿ. ಜೂನ್, ಜುಲೈಯ ಜಡಿಮಳೆಯಲ್ಲಿ ಬಿಡಬೇಡಿ, ಹೊಳವು ಬರುವ ತನಕ ಕಾಯಿರಿ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಸಿಕ್ಕಿದ ಜಾಗದ ಹತ್ತಿರವೇ, ಬೆಳಿಗ್ಗೆ ಹೊತ್ತು ಬಾಗಿಲು ತೆರೆಯಿರಿ. ಗೂಡನ್ನು ಅಲ್ಲೇ ಬಿಡಿ. ರಾತ್ರಿ ಮಲಗಲು ಕೆಲವು ದಿನ ಬರುತ್ತದೆ.

ನಮ್ಮ ಎರಡನೇ ಮರಿ ಹನ್ನೊಂದು ದಿನ ಬಂತು. ಮೊದಲೆಲ್ಲ ಬೆಳಿಗ್ಗೆ, ಸಂಜೆ, ಆಮೇಲೆ ಸಂಜೆ ಮಾತ್ರ. ಹನ್ನೆರಡನೇ ದಿನ ಇಟ್ಟ ಅಲಸಂಡೆ ಕತ್ತಲಾಗುವ ತನಕ ಹಾಗೇ ಇತ್ತು. ಇನ್ನೂ ಒಂದು ವಾರ ಸ್ವಲ್ಪ ಸ್ವಲ್ಪ ಇಟ್ಟು ನೋಡಿದೆ. ನೀವೂ ಹಾಗೇ ಮಾಡಿ, ರಾತ್ರಿ ಮಾತ್ರ ಉಳಿದದ್ದನ್ನು ತೆಗೆಯಿರಿ, ಇಲ್ಲದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವೂ ಬರುತ್ತದೆ.